ಎಸಿ ಸವೆಯಬಾರದೆಂದು

ನನ್ನ ಗಂಡನಿಗೆ ಯಾವುದನ್ನೂ ಬಳಸಿ ಹಾಳು ಮಾಡುವುದು ಇಷ್ಟವಿಲ್ಲ. ಬಳಸದೆ ಹಾಳು ಮಾಡುವುದಕ್ಕೆ ಮಾತ್ರ ಅವರ ಅಭ್ಯಂತರವಿರಲಿಲ್ಲ. ಎರಡು ಸಾವಿರದ ಹದಿನಾರರ ಸುಮಾರಿನ ಮಾತು ಇದು. ನೈರೋಬಿಯ ಸೌತ್ ಬಿ ಬಡಾವಣೆಯಲ್ಲಿದ್ದ ನಮ್ಮ ಬಾಡಿಗೆ ಮನೆಯಲ್ಲಿ ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಅಂಗಿ, ಸೋಫಾಕ್ಕೆ ಹೊದಿಕೆ, ಆ ಹೊದಿಕೆ ಕೊಳೆಯಾಗಬಾರದೆಂದು ಅದರ ಮೇಲೊಂದು ಹಳೇ ಬೆಡ್‌ಶೀಟು. ಮದುವೆಗೆ ಬಂದ ಡಿನ್ನರ್ ಸೆಟ್ಟು ಮೈಸೂರಿನಿಂದ ಇಲ್ಲಿಯವರೆಗೆ ವಿಮಾನದಲ್ಲಿ ಬಂದಿತ್ತು, ಪೆಟ್ಟಿಗೆಯಿಂದ ಹೊರಗೆ ಮಾತ್ರ ಬಂದಿರಲಿಲ್ಲ. ಕಾರು ಕೊಂಡಾಗ ಈ ಪಟ್ಟಿಗೆ ಅದರ ಎಸಿಯೂ ಸೇರಿತು.

ಜಪಾನಿನಲ್ಲಿ ಯಾರೋ ಓಡಿಸಿ, ಸಾಕಾಗಿ, ಹಡಗು ಹತ್ತಿಸಿ ಕಳಿಸಿದ ಕಾರು ಅದು. ಸ್ಟಾರ್ಟ್ ಮಾಡಿದೊಡನೆ ಒಬ್ಬ ಹೆಂಗಸು ಡ್ಯಾಶ್‌ಬೋರ್ಡಿನ ಒಳಗಿನಿಂದ ಜಪಾನಿ ಭಾಷೆಯಲ್ಲಿ ಬಹಳ ವಿನಯದಿಂದ ಏನೋ ಹೇಳುತ್ತಿದ್ದಳು. ಏನೆಂದು ನಮಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಅವಳು ಮಾತು ಮುಗಿಸುವವರೆಗೆ ನನ್ನ ಗಂಡ ಗೇರು ಹಾಕುತ್ತಿರಲಿಲ್ಲ. ನನ್ನ ಮಾತಿಗೆ ಅಂಥ ಮರ್ಯಾದೆ ಸಿಕ್ಕಿದ್ದು ನೆನಪಿಲ್ಲ.

ಮೊದಲ ವಾರವೇ ನನ್ನ ಬೆರಳು ಎಸಿ ಬಟನ್ನಿನತ್ತ ಹೋಗಿದ್ದನ್ನು ನೋಡಿ ಅವರು ಅದನ್ನು ಮೆತ್ತಗೆ ಹಿಡಿದು ಈಚೆಗಿಟ್ಟರು.

"ನೈರೋಬಿನೇ ಒಂದು ಎಸಿ ಕಣೆ. ದೇವ್ರೇ ಫ್ರೀಯಾಗಿ ಕೊಟ್ಟಿರೋವಾಗ ಕಂಪ್ರೆಸರ್ ಯಾಕೆ ಸವೆಸ್ಬೇಕು?"

ಮಾತು ಪೂರ್ತಿ ಸುಳ್ಳಲ್ಲ. ಎತ್ತರದ ಊರು, ಜುಲೈ ತಿಂಗಳಲ್ಲಿ ಹಲ್ಲು ಕಟಕಟ ಅನ್ನುತ್ತದೆ. ಆದರೆ ಏಪ್ರಿಲ್ ಮಳೆಯಲ್ಲಿ ಕಾರಿನ ಗಾಜೆಲ್ಲ ಒಳಗಿನಿಂದ ಮಂಜು ಕಟ್ಟುತ್ತಿತ್ತು. ಎಸಿ ಹಾಕಿಕೊಂಡ ಜನರಿಗೆ ಅದು ನಿಮಿಷದಲ್ಲಿ ಬಿಡುತ್ತದೆ. ನಮ್ಮ ಕಾರಿನಲ್ಲಿ ಆ ಕೆಲಸಕ್ಕೆ ನಾನಿದ್ದೆ. ಅವರ ಹಳೇ ಬನಿಯನ್ ಹಿಡಿದು ಇಡೀ ದಾರಿ ಗಾಜು ಒರೆಸುತ್ತಾ ಹೋಗುತ್ತಿದ್ದೆ.

ವಿಚಿತ್ರವೆಂದರೆ ಇವರು ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧಿ ಫ್ಯಾಕ್ಟರಿಯಲ್ಲಿ ಕೋಲ್ಡ್ ರೂಮುಗಳ ಇಂಜಿನಿಯರ್. ಅಲ್ಲಿ ಇನ್ನೊಂದು ಕೆಟ್ಟರೆ ಬೇಕಾಗುತ್ತದೆಂದು ಸುಮ್ಮನೆ ನಿಲ್ಲಿಸಿಟ್ಟ ಕಂಪ್ರೆಸರ್ ಇತ್ತು. ಪ್ರತಿ ಸೋಮವಾರ ಅದನ್ನು ಸ್ವಲ್ಪ ಹೊತ್ತು ಓಡಿಸಿ ರಿಜಿಸ್ಟರಿನಲ್ಲಿ ಸಹಿ ಹಾಕುವ ಪದ್ಧತಿ ತಂದವರೇ ಇವರು. ಯಂತ್ರ ನಿಂತರೆ ಎಣ್ಣೆ ತಿರುಗಾಡುವುದಿಲ್ಲ, ಎಣ್ಣೆ ಇಲ್ಲದೆ ರಬ್ಬರ್ ಸೀಲು ಒಣಗುತ್ತದೆ, ಒಣಗಿದ ಸೀಲಿನಲ್ಲಿ ಗ್ಯಾಸು ಸೋರುತ್ತದೆ ಎಂದು ಊಟಕ್ಕೆ ಬಂದವರಿಗೆ ಉಪ್ಪಿನಕಾಯಿ ಬಡಿಸುತ್ತಾ ಪಾಠ ಮಾಡುತ್ತಿದ್ದರು. ಆ ಜ್ಞಾನ ಫ್ಯಾಕ್ಟರಿಯಿಂದ ಮನೆಗೆ ಬರುತ್ತಿರಲಿಲ್ಲ. ಗೇಟಿನಲ್ಲಿ ಚೆಕಿಂಗ್ ಜೋರಿತ್ತೆಂದು ಕಾಣುತ್ತದೆ.

ನಾನು ಮೈಸೂರಿನ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದವಳು. ಗಂಡನ ಜೊತೆ ಇರಲಷ್ಟೇ ಅನುಮತಿಯಿದ್ದ ಡಿಪೆಂಡೆಂಟ್ ಪಾಸಿನ ಮೇಲೆ ಈ ಊರಿಗೆ ಬಂದು ಮೂರು ವರ್ಷವಾಗಿತ್ತು. ಕೆಲಸ ಹುಡುಕುತ್ತೇನೆ ಎಂದಾಗಲೆಲ್ಲ, ನಿನಗ್ಯಾಕೆ ಆ ತಾಪತ್ರಯ, ಆರಾಮಾಗಿರು ಎನ್ನುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಪ್ರೀತಿಯಿಂದಲೇ. ಸೋಫಾದ ಮೇಲೂ ಅವರಿಗೆ ಪ್ರೀತಿಯೇ ಇತ್ತು. ಒಂದು ಮಧ್ಯಾಹ್ನ ಬೇಳೆ ತೊಳೆಯುತ್ತಾ ಪೀರಿಯಾಡಿಕ್ ಟೇಬಲ್ ಹೇಳಿಕೊಳ್ಳಲು ಹೋದೆ, ಮೂರನೇ ಸಾಲಿನಲ್ಲಿ ಎಡವಿದೆ. ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದ ಸಾಲು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಮೇಲೆ ಹಟ ಹಿಡಿದು ಕಂಡಕಂಡಲ್ಲಿಗೆ ಅರ್ಜಿ ಹಾಕಿದೆ. ಫೆಬ್ರವರಿಯಲ್ಲಿ ಒಂದೇ ಒಂದು ಉತ್ತರ ಬಂತು. ಲ್ಯಾವಿಂಗ್ಟನ್ನಿನಲ್ಲಿದ್ದ ಸಂಸ್ಥೆಯೊಂದಕ್ಕೆ ಬೋರ್‌ವೆಲ್ ನೀರಿನ ಫ್ಲೋರೈಡ್ ಪರೀಕ್ಷಿಸುವ ಲ್ಯಾಬಿಗೆ ಜನ ಬೇಕಿತ್ತು, ಕೆಲಸದ ಪರ್ಮಿಟ್ಟನ್ನೂ ಅವರೇ ಮಾಡಿಸುವವರಿದ್ದರು. ಸಂದರ್ಶನ ಬೆಳಿಗ್ಗೆ ಹನ್ನೊಂದಕ್ಕೆ. ಆ ಪತ್ರವನ್ನು ನಾನು ಬಾಯಿಪಾಠವಾಗುವಷ್ಟು ಸಲ ಓದಿದೆ.

ತೊಂದರೆಯೆಂದರೆ ನನಗೆ ಧೂಳು ಆಗಿಬರುವುದಿಲ್ಲ. ಮೂಗಿಗೆ ಹೋದರೆ ಸೀನು ಶುರುವಾಗಿ, ಗಂಟಲು ಕಟ್ಟಿ, ಧ್ವನಿಯೇ ನಿಲ್ಲುತ್ತದೆ. ಇನ್ನು ಟ್ರಾಫಿಕ್ ಜಾಮಿನಲ್ಲಿ ಕಾರಿನ ಕಿಟಕಿ ಇಳಿಸಿದರೆ ಧೂಳು ಒಳಗೆ ಬರುತ್ತದೆ, ಮೊಬೈಲು ಕಳ್ಳರ ಕೈಯಲ್ಲಿ ಹೊರಗೆ ಹೋಗುತ್ತದೆ. ಕಿಟಕಿ ಮುಚ್ಚಿದರೆ ಫೆಬ್ರವರಿ ಬಿಸಿಲಿನಲ್ಲಿ ಬೇಯಬೇಕು. ಅದೊಂದು ದಿನ ಎಸಿ ಹಾಕಿ ಎಂದು ಕೇಳಿಕೊಂಡೆ. ಬ್ಯಾಂಕ್ ಲಾಕರ್ ತೆರೆಯುವವರ ಗಾಂಭೀರ್ಯದಲ್ಲಿ ಒಪ್ಪಿದರು.

ಆ ದಿನ ಜಪಾನಿ ಹೆಂಗಸಿನ ಭಾಷಣ ಮುಗಿದ ಮೇಲೆ ಬಟನ್ ಒತ್ತಿದರು. ಒಂದು ನಿಮಿಷ ತಣ್ಣಗಿನ ಗಾಳಿ ಮುಖಕ್ಕೆ ಸೋಕಿತು. ನನಗೆ ಕೆಲಸ ಸಿಕ್ಕೇಬಿಟ್ಟಿತು ಅನ್ನಿಸಿತು. ಆಮೇಲೆ ಬಾನೆಟ್ಟಿನೊಳಗೆ ಟಕ್ ಎಂದಿತು. ಸ್ವಲ್ಪ ಹೊತ್ತಿಗೆ ಮತ್ತೆ ಟಕ್. ಕಂಪ್ರೆಸರ್ ಹೊರಡುವುದು, ನಿಲ್ಲುವುದು, ಹೊರಡುವುದು, ನಿಲ್ಲುವುದು. ಉಹುರು ಹೆದ್ದಾರಿ ತಲುಪುವಷ್ಟರಲ್ಲಿ ಬಿಸಿಗಾಳಿ ಬೀಸುತ್ತಿತ್ತು. ಗ್ಯಾಸು ಕಡಿಮೆಯಾದರೆ ಹೀಗೇ ಆಗುತ್ತದೆಂದು ಊಟದ ಪಾಠಗಳಲ್ಲಿ ನಾನೇ ಕೇಳಿದ್ದೆ. ಪಾಠ ಮಾಡಿದವರು, ಬಹಳ ದಿನ ನಿಂತಿತ್ತಲ್ಲ, ಸ್ವಲ್ಪ ಓಡಲಿ, ತಾನೇ ಸೆಟ್ ಆಗುತ್ತದೆ ಎಂದರು.

ವೃತ್ತದಲ್ಲಿ ಪೊಲೀಸ್ ನಮ್ಮ ಸಾಲನ್ನು ಮರೆತೇಬಿಟ್ಟ. ಸೀರೆ ಬೆನ್ನಿಗೆ ಅಂಟಿತು, ಉಸಿರು ಕಟ್ಟಿತು. ತಡೆಯಲಾರದೆ ಕಿಟಕಿ ಇಳಿಸಿದೆ. ಪಕ್ಕದಲ್ಲೇ ನಿಂತಿದ್ದ ಮಟಾಟು ಎಂಬ ಬಾಡಿಗೆ ವ್ಯಾನಿನ ಹಾಡು ಮತ್ತು ಹೊಗೆ ಎರಡೂ ಒಟ್ಟಿಗೆ ಒಳಗೆ ಬಂದವು. ಮೊದಲ ಸೀನು ಬಂದಾಗಲೇ ನನಗೆ ಗೊತ್ತಾಯಿತು.

ಸಂದರ್ಶನದಲ್ಲಿ ಎದುರಿಗೆ ಮೂವರಿದ್ದರು. ಮಧ್ಯದ ಹೆಂಗಸು ಈ ಮೂರು ವರ್ಷ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಅದಕ್ಕೆ ಕನ್ನಡಿಯ ಮುಂದೆ ನಿಂತು ವಾರವಿಡೀ ಒಂದು ಒಳ್ಳೆಯ ಇಂಗ್ಲಿಷ್ ಉತ್ತರ ಕಲಿತಿದ್ದೆ. ಬಾಯಿ ತೆರೆದೆ, ಸೀನಿದೆ. ಮತ್ತೆ ತೆರೆದೆ, ಮತ್ತೆ ಸೀನಿದೆ. ಆಕೆ ಟಿಶ್ಯೂ ಡಬ್ಬಿಯನ್ನು ನನ್ನ ಕಡೆಗೆ ತಳ್ಳಿದರು. ಅಷ್ಟರಲ್ಲಿ ಧ್ವನಿ ಹೋಗಿತ್ತು, ಉಳಿದ ಪ್ರಶ್ನೆಗಳಿಗೆ ಕಪ್ಪೆಯ ಹಾಗೆ ಉತ್ತರಿಸಿದೆ. ವಾರದ ನಂತರ ತುಂಬಾ ಸಭ್ಯವಾದ ಪತ್ರ ಬಂತು, ಇಲ್ಲ ಎಂದು.

ಆ ಶನಿವಾರ ಕಾರನ್ನು ಮೆಕ್ಯಾನಿಕ್ ಹತ್ತಿರ ಒಯ್ದೆವು. ಊರಿನವರು ಫುಂಡಿ ಎನ್ನುತ್ತಾರೆ. ದಪ್ಪ ಕನ್ನಡಕದ ಮುದುಕ. ಗ್ಯಾಸ್ ತುಂಬಿಸಿಬಿಡಿ ಎಂದರು ನನ್ನ ಗಂಡ. ಫ್ಯಾಕ್ಟರಿಯಲ್ಲಿ ಯಾರಾದರೂ ಹಾಗೆಂದಿದ್ದರೆ ಅವರನ್ನೇ ಕೋಲ್ಡ್ ರೂಮಿಗೆ ಹಾಕುತ್ತಿದ್ದರು. ಹೋದ ದಾರಿ ಹುಡುಕದೆ ತುಂಬಿಸಿದರೆ ಹೊಸ ಗ್ಯಾಸೂ ಅದೇ ದಾರಿಯಲ್ಲಿ ಹೋಗುತ್ತದೆ ಎಂದ ಫುಂಡಿ. ಕೊಳವೆಗಳ ಜೋಡಣೆ, ಕಂಪ್ರೆಸರಿನ ಮೈ ಎಲ್ಲ ಬೆರಳಿನಿಂದ ಸವರಿ ನೋಡಿದ. ಕಂಪ್ರೆಸರಿನ ಮೂತಿಯ ಹತ್ತಿರ ಬೆರಳಿಗೆ ಜಿಡ್ಡು ಕೆಸರು ಬಂತು. ಗ್ಯಾಸಿನ ಜೊತೆ ಎಣ್ಣೆಯೂ ಹೊರಗೆ ಬರುತ್ತದೆ, ಅದಕ್ಕೆ ಧೂಳು ಅಂಟುತ್ತದೆ ಎಂದು ನನಗೆ ವಿವರಿಸಿ, ಪಾತ್ರೆ ಸೋಪಿನ ನೊರೆ ಹಚ್ಚಿದ. ಒಂದು ಸಣ್ಣ ಗುಳ್ಳೆ ಎದ್ದು, ಉಬ್ಬಿ, ಒಡೆಯಿತು. ಮತ್ತೊಂದು ಎದ್ದಿತು.

ಎಸಿ ಬಳಸುವುದಿಲ್ಲವೇ ಎಂದು ಕೇಳಿದ. ನಾನು ಗಂಡನ ಮುಖ ನೋಡಿದೆ, ಅವರು ಗುಳ್ಳೆ ನೋಡಿದರು. ಸೀಲು ಒಣಗಿದೆ, ಚಳಿ ಇರಲಿ ಮಳೆ ಇರಲಿ ವಾರಕ್ಕೆ ಹತ್ತು ನಿಮಿಷ ಓಡಿಸಿ, ಎಣ್ಣೆ ತಿರುಗಾಡಬೇಕು ಎಂದ ಫುಂಡಿ. ಉಪ್ಪಿನಕಾಯಿಯೊಂದು ಬಿಟ್ಟು ಮಿಕ್ಕಿದ್ದೆಲ್ಲ ಅದೇ ಪಾಠ.

ಸೀಲು ಬದಲಾಯಿಸಿ ಗ್ಯಾಸು ತುಂಬಿಸಿಕೊಂಡು ಕಾರಿನಲ್ಲಿ ಕೂತಾಗ ನಾನು ನಗಬೇಕೆಂದಿದ್ದೆ. ನಗು ಬರಲಿಲ್ಲ, ಸಿಟ್ಟು ಬಂತು.

"ಎಸಿ ಒಂದೇ ಅಲ್ಲ ರೀ. ನನ್ನನ್ನೂ ಹಾಗೇ ಇಟ್ಟಿದೀರ, ಸವೆದು ಹೋಗ್ತೀನಿ ಅಂತ. ಮೂರು ವರ್ಷ ಆಯ್ತು."

ಜಪಾನಿ ಹೆಂಗಸು ಮಾತು ಮುಗಿಸಿದಳು. ಆಮೇಲೂ ಅವರು ಬಹಳ ಹೊತ್ತು ಗೇರು ಹಾಕಲಿಲ್ಲ. ಕೊನೆಗೆ, ತಪ್ಪಾಯ್ತು ಎಂದರು. ನನಗೆ ಕೇಳಿಸಲೆಂದು ಇನ್ನೊಮ್ಮೆ ಹೇಳಿದರು.

ಡಿನ್ನರ್ ಸೆಟ್ಟು ಅವತ್ತೇ ಪೆಟ್ಟಿಗೆಯಿಂದ ಇಳಿಯಿತು, ಒಂದು ಬಟ್ಟಲು ಒಡೆದದ್ದೂ ಆಯಿತು. ಪ್ಲಾಸ್ಟಿಕ್ ಕವರಿನಲ್ಲಿ ಮಲಗಿದ್ದ ನನ್ನ ಡ್ರೈವಿಂಗ್ ಲೈಸೆನ್ಸನ್ನು ಇಲ್ಲಿಯದಕ್ಕೆ ಬದಲಾಯಿಸಿಕೊಂಡೆ. ಭಾನುವಾರದ ಹತ್ತು ನಿಮಿಷ ನನ್ನ ಪಾಲಿನ ಡ್ಯೂಟಿಯಾಯಿತು.

ಜುಲೈನಲ್ಲಿ ಲ್ಯಾವಿಂಗ್ಟನ್ನಿನವರು ಮತ್ತೆ ಕರೆದರು. ಆರಿಸಿಕೊಂಡಿದ್ದವರು ಕೆಲಸ ಬಿಟ್ಟಿದ್ದರಂತೆ. ಕಾರನ್ನು ನಾನೇ ಓಡಿಸಿದೆ. ಹೊರಗೆ ಮೂಳೆ ಕೊರೆಯುವ ಚಳಿ, ಒಳಗೆ ಎಸಿ. ಸ್ವೆಟರಿನ ಮೇಲೆ ಶಾಲು ಹೊದ್ದುಕೊಂಡು ನಾನು, ಪಕ್ಕದಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ನನ್ನ ಗಂಡ. ಅವರ ಕೈ ಒಮ್ಮೆ ಬಟನ್ನಿನ ಕಡೆಗೆ ಹೋಗಿ, ಅರ್ಧ ದಾರಿಯಲ್ಲಿ ತೊಡೆಯ ಮೇಲೆ ವಾಪಸ್ಸು ಬಂದು ಕೂತಿತು.

ಒಳಗೆ ಟಿಶ್ಯೂ ಡಬ್ಬಿಯ ಅದೇ ಹೆಂಗಸು ಅದೇ ಪ್ರಶ್ನೆ ಕೇಳಿದರು. ಕನ್ನಡಿಯ ಮುಂದೆ ಕಲಿತ ಉತ್ತರ ಬಾಯಿಯವರೆಗೆ ಬಂದಿತ್ತು. ಅದನ್ನು ನುಂಗಿಕೊಂಡು, ಏನೂ ಮಾಡುತ್ತಿರಲಿಲ್ಲ, ಮನೆಯಲ್ಲಿ ಜೋಪಾನವಾಗಿ ಇಟ್ಟಿದ್ದರು, ಸ್ವಲ್ಪ ಮರೆತಿದ್ದೇನೆ, ಕೆಲಸ ಕೊಟ್ಟರೆ ಎಲ್ಲ ವಾಪಸ್ಸು ಬರುತ್ತದೆ ಎಂದೆ. ಮೂವರೂ ನಕ್ಕರು. ನಾನು ನಗಲಿಲ್ಲ.

ಪರ್ಮಿಟ್ ಕೈಗೆ ಬಂದ ಮೇಲಿನ ಮೊದಲ ಸೋಮವಾರ, ಲ್ಯಾಬಿನ ರಿಜಿಸ್ಟರಿನಲ್ಲಿ ಸಹಿ ಹಾಕಿದೆ.