ಹದಿಮೂರನೆಯ ಪ್ರಯಾಣಿಕ

ಬೆಳಗಾವಿಯಿಂದ ಖಾನಾಪುರಕ್ಕೆ ಹದಿನಾರು ಮೈಲಿ. ಈಗ ಆ ಹಾದಿಯಲ್ಲಿ ಪೋಲೀಸರು ಕೈ ತೋರಿಸಿದರೆ ಡ್ರೈವರನ ಮೋರೆ ಗಂಟಿಕ್ಕುತ್ತದೆ, ಅದನ್ನು ನೋಡಿ ಪೋಲೀಸರದೂ. ನಾನು ಅಲ್ಲಿ ಮೊದಲ ಸಲ ಮೋಟಾರಿನಲ್ಲಿ ಹೋದದ್ದು ಇಪ್ಪತ್ತರ ದಶಕದ ಒಂದು ಜೂನ್ ತಿಂಗಳಲ್ಲಿ. ಆಗಿನ ಮಾತೇ ಬೇರೆ. ನೆನೆದರೆ ಈಗಲೂ ಜೀವಕ್ಕೆ ಹಿತವೆನಿಸುತ್ತದೆ, ಜೊತೆಗೆ ನಾಚಿಕೆಯೂ ಆಗುತ್ತದೆ.

ಖಾನಾಪುರದ ಶಾಲೆಯೊಂದಕ್ಕೆ ನಾನು ಹೊಸ ಮಾಸ್ತರ. ಅಂದು ಹನ್ನೊಂದರೊಳಗೆ ಹಾಜರಾಗದಿದ್ದರೆ ನೌಕರಿ ಇನ್ನೊಬ್ಬನ ಪಾಲು. ವಡಗಾವಿಯ ಮನೆಯಲ್ಲಿ ಹೊಸ ಧೋತರವನ್ನು ಮೂರು ಸಲ ಉಟ್ಟು ಮೂರು ಸಲ ಬಿಚ್ಚಿ, ಮತ್ತೆ ಉಟ್ಟು ಸ್ಟೇಶನ್ನಿಗೆ ಬರುವಷ್ಟರಲ್ಲಿ ರೈಲು ಹೊರಟುಹೋಗಿತ್ತು. ಟಿಳಕವಾಡಿಯ ಮೂಲೆಯಲ್ಲಿ ಸರ್ವಿಸ್ ಮೋಟಾರು ನಿಂತಿತ್ತು. ಅದಕ್ಕೆ ಹನ್ನೆರಡು ಮಂದಿಯ ಪರವಾನಿಗೆ, ಹನ್ನೆರಡೂ ಮಂದಿ ಕುಳಿತಾಗಿತ್ತು.

ಡ್ರೈವರ ಸಿದ್ರಾಯ ಮೊದಲು ಟಾಂಗಾ ಹೊಡೆಯುತ್ತಿದ್ದವನು. ಮೋಟಾರು ನಿಲ್ಲಿಸುವಾಗ ಇನ್ನೂ ಲಗಾಮು ಜಗ್ಗಿದಂತೆ ಹಿಂದಕ್ಕೆ ಬಾಗುತ್ತಿದ್ದ. ಎದೆಯ ಮೇಲೆ ಡ್ರೈವರನ ಹಿತ್ತಾಳೆ ಬಿಲ್ಲೆ; ಅದಿಲ್ಲದೆ ಮೋಟಾರು ಓಡಿಸುವಂತಿರಲಿಲ್ಲ. ಶಾಲೆಗೆ ಹೊಸ ಮಾಸ್ತರ, ತಡವಾಗುತ್ತದೆ ಎಂದು ಅಂಗಲಾಚಿದೆ.

"ಹತ್ತರಿ ಮಾಸ್ತರ. ಆದ್ರ ಪೋಲೀಸ ನಾಕಾದ ಮೊದಲ ಮೋರಿ ಹಂತ್ಯಾಕ ಇಳದು, ಹೊಲದಾಗಿಂದ ಸುತ್ತ ಹಾಕಿ ಬರ್ರಿ. ಅತ್ಲಾಗ ಮತ್ತ ಹತ್ತಿಸ್ಕೊಂತೀನಿ," ಎಂದ. ಹೂಂ ಎಂದು ಹತ್ತಾಣೆ ಕೊಟ್ಟು ಹತ್ತಿದೆ.

ಬಾಜೂ ಕೂತಿದ್ದ ಖಾಸಬಾಗದ ಅಜ್ಜಿ ಮರ್ಮ ಬಿಡಿಸಿದಳು. "ದಿನಾ ಹಿಂಗ ಐತ್ರಿ. ಹವಾಲ್ದಾರಗೂ ಗೊತ್ತೈತಿ. ಇಳದವರು ಸುತ್ತ ಹಾಕಿ ಬರೂತನಾ ತಂಬಾಕ ತಿಕ್ಕೋತ ಎಣಸ್ತಾನ. ಇವ ಅವಗ ಮಾಮಾ ಅಂತಾನ, ಅವ ಇವನ ಮನಿ ಮಕ್ಕಳ ಸುದ್ದಿ ಕೇಳ್ತಾನ."

ಪೀರನವಾಡಿ ದಾಟಿದ ಮೇಲೆ ಮೋರಿ ಬಂತು. ರಾತ್ರಿ ಹೊಡೆದ ಮಳೆಗೆ ಹೊಲ ರಾಡಿಯಾಗಿತ್ತು. ನಾನು ಹೊಲ ನೋಡಿದೆ, ನನ್ನ ಧೋತರ ನೋಡಿದೆ.

"ಇಳೀರಿ ಮಾಸ್ತರ."

"ನಾ ರೊಕ್ಕಾ ಕೊಟ್ಟೇನಿ. ಕಳ್ಳನಂಗ ಹೊಲದಾಗ ಯಾಕ ಹೋಗ್ಲಿ? ಹವಾಲ್ದಾರ ನಿನ್ನ ಮಾಮಾನ ಹೌದಲ್ಲೋ?"

ನನಗಿಂತ ಹತ್ತು ವರ್ಷ ಹಿರಿಯನಿಗೆ ಹೀಗೆ ಅಂದೆ. ಸಿದ್ರಾಯ ಇನ್ನೊಂದು ಮಾತು ಹೇಳಿಕೊಂಡ. "ಈಗಾಗಲೇ ಎರಡ ಸಲ ಮಂದಿ ಹೆಚ್ಚಾದದ್ದಕ್ಕ ಖಟ್ಲೆ ಆಗ್ಯಾವ್ರಿ. ಮೂರನೇದ್ದಕ್ಕ ಬಿಲ್ಲೆ ಹೋಗ್ತೈತಿ." ನಾನು ಗಡಿಯಾರ ತೆಗೆದು ತೋರಿಸಿದೆ. ಅವನು ಮೋಟಾರು ಮುಂದೆ ಬಿಟ್ಟ.

ನಾಕಾದಲ್ಲಿ ನೀಲಿ ಅಂಗಿಯ ಹವಾಲ್ದಾರನ ಹಿಂದೆ ಕುರ್ಚಿಯ ಮೇಲೆ ಅವನ ಮೇಲಧಿಕಾರಿ, ಹೊಸ ಫೌಜದಾರರು, ಕುಳಿತಿದ್ದರು. ಹವಾಲ್ದಾರ ತಂಬಾಕದ ಚೀಲ ತೆಗೆಯಲಿಲ್ಲ. ಮುಂದಿನಿಂದ ಎಣಿಸಿದ, ಹಿಂದಿನಿಂದ ಎಣಿಸಿದ. ಅವನ ಕಣ್ಣು ಎರಡು ಸಲವೂ ನನ್ನ ಬಿಳಿ ಧೋತರದ ಮೇಲೆ ನಿಂತಿತು.

"ಎಷ್ಟು?" ಎಂದರು ಫೌಜದಾರರು.

"ಹದಿಮೂರ, ಸಾಹೇಬ್ರ."

"ಹೆಚ್ಚಿನವ ಯಾರು?"

"ನಾನ ಹತ್ತಿಸ್ಕೊಂಡೀನ್ರಿ. ತಪ್ಪ ನಂದರಿ," ಎಂದ ಸಿದ್ರಾಯ. ನಾನು ರಸ್ತೆಯ ಆಚೆ ನೋಡುತ್ತ ಕುಳಿತೆ. ಫೌಜದಾರರು ಖಟ್ಲೆ ಬರೆದು, ಬಿಲ್ಲೆ ತೆಗೆದುಕೊಳ್ಳುವಂತೆ ಹೇಳಿದರು. ಹವಾಲ್ದಾರನ ಕೈ ಮುಂದೆ ಬರಲೊಲ್ಲದು. ಸಿದ್ರಾಯ ತಾನೇ ಬಿಲ್ಲೆ ಬಿಚ್ಚಿ ಅವನ ಅಂಗೈಯಲ್ಲಿಟ್ಟ. "ನಿಮ್ಮ ಕೈಲೆ ತಗಸೂದ ಬ್ಯಾಡ, ಮಾಮಾ," ಎಂದ.

ಮಂದಿಯನ್ನು ಖಾನಾಪುರಕ್ಕೆ ಮುಟ್ಟಿಸಲು ಅಪ್ಪಣೆಯಾಯಿತು. ದಾರಿಯುದ್ದಕ್ಕೂ ಸಿದ್ರಾಯ ಒಂದೇ ಮಾತು ಕೇಳಿದ, "ಸಾಲಿ ಎಷ್ಟಕ್ಕರಿ?" ಹನ್ನೊಂದಕ್ಕೆ ಶಾಲೆಯಲ್ಲಿರಬೇಕು ಎಂದೆ. ಮೋಟಾರು ಜೋರು ಓಡಿಸಿ, ಹತ್ತು ನಿಮಿಷ ಮೊದಲೇ ಶಾಲೆಯ ಬಾಗಿಲಿಗೆ ಇಳಿಸಿದ. ಧೋತರಕ್ಕೆ ಒಂದು ಹನಿ ಕೆಸರಿಲ್ಲದೆ ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದೆ.

ಹಾಸಿಗೆ ಪಾತ್ರೆ ತರಲು ಸಂಜೆಯ ಮೋಟಾರಿನಲ್ಲೇ ಬೆಳಗಾವಿಗೆ ಮರಳಿದೆ. ಮೋಟಾರಿನ ಮಾಲಕನ ತಮ್ಮ ಓಡಿಸುತ್ತಿದ್ದ, ಸಿದ್ರಾಯ ಹಿಂದಿನ ಸೀಟಿನಲ್ಲಿ ಪ್ರಯಾಣಿಕನಾಗಿ ಕುಳಿತಿದ್ದ. ನಾಕಾದಲ್ಲಿ ಫೌಜದಾರರು ಇರಲಿಲ್ಲ. ಹವಾಲ್ದಾರ ಕಾಗದ, ಮಸಿ, ಟಾಕು ತಂದು ನನ್ನ ಮುಂದಿಟ್ಟ.

"ಇವಗ ಬರಿಯಾಕ ಬರಂಗಿಲ್ರಿ. ಬಿಲ್ಲೆ ತಿರಿಗಿ ಕೊಡ್ರಿ ಅಂತ ಒಂದ ಅರ್ಜಿ ಬರದ ಕೊಡ್ರಿ ಮಾಸ್ತರ. ನಡದದ್ದ ನಡದಂಗ ಬರೀರಿ."

ಬರೆದೆ. ಮನೆಯಲ್ಲಿ ಐದು ಹೊಟ್ಟೆಗಳಿವೆ ಎಂದು ಬರೆದೆ, ಈವರೆಗೆ ಒಬ್ಬ ಪ್ರಯಾಣಿಕನಿಗೂ ಪೆಟ್ಟಾಗಿಲ್ಲ ಎಂದು ಬರೆದೆ. ಇಳಿಯಲು ಹೇಳಿದರೂ ಇಳಿಯದವನ ಮಾತು ಬಂದಾಗ ಟಾಕು ನಿಂತಿತು. ಆ ಹೆಸರು ಶಾಲೆಯವರೆಗೆ ಹೋದರೆ? ಬೆಳಿಗ್ಗೆಯಷ್ಟೇ ಸಹಿ ಮಾಡಿದ ನೌಕರಿ. ಆ ಸಾಲು ಬಿಟ್ಟೆ. ಬಿಲ್ಲೆ ಮರಳಿ ಬರಲು ದೀಪಾವಳಿಯಾಯಿತು. ಆ ಸಾಲು ಇದ್ದಿದ್ದರೆ ನಾಗಪಂಚಮಿಯ ಮೊದಲೇ ಬರುತ್ತಿತ್ತೆಂದು ನನ್ನ ಮನಸ್ಸು ಇಂದಿಗೂ ಹೇಳುತ್ತದೆ.

ಸಿದ್ರಾಯ ಹೆಬ್ಬೆಟ್ಟು ಒತ್ತಿ ಎರಡೂ ಕೈ ಮುಗಿದ. "ಭಾಳ ಉಪಕಾರ ಆತ್ರಿ ಮಾಸ್ತರ."

ಹವಾಲ್ದಾರ ಅರ್ಜಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದ. ಮತ್ತೊಮ್ಮೆ ಓದಿದ. ಮಡಚಿ ಕಿಸೆಯಲ್ಲಿಟ್ಟುಕೊಂಡ.

"ಅಕ್ಷರ ಭಾಳ ಚೊಲೋ ಅದಾವ್ರಿ," ಎಂದ. ನನ್ನ ಮುಖ ನೋಡದೆಯೇ ಮೋಟಾರಿಗೆ ಹೋಗಲು ಕೈ ಬೀಸಿದ.