ಮಿಣುಕುವುದನ್ನೆಲ್ಲ ತೆಗೆಸಿದ ಬೆಳಗು

ಕುಣಿಗಲ್ಲಿನ ಜಯಮ್ಮ, ಮಂಡಿನೋವು ಹೇಗಿದೆ? ಗುಬ್ಬಿಯ ನಾಗರಾಜ, ಕೆಮ್ಮು ಬಿಟ್ಟಿತೇ? ಇಲ್ಲಿ ಮರಳೂರಿನಲ್ಲಿ ನಾವು ಕ್ಷೇಮ. ಇವತ್ತು ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ಇರಲಿಲ್ಲ.

ನಿಮ್ಮತ್ತಿಗೆ ಶಾರದೆಯ ತಾಯಿ ಹಾಡಿದ ಸೋಬಾನೆಗಳನ್ನು ನಾನೊಂದು ವೆಬ್ ಪುಟದಲ್ಲಿ ಇಟ್ಟಿದ್ದೇನಲ್ಲ. ಅವರು ಹೋದ ಮೇಲೆ ಆ ದನಿ ಉಳಿದಿರುವುದು ಅಲ್ಲೊಂದೇ ಕಡೆ. ಪುಟದ ನೆತ್ತಿಯ ಮೇಲೆ ಒಂದು ಜಾಹೀರಾತು ಸದಾ ಮಿಣುಕುತ್ತಿತ್ತು. ನನ್ನ ಪರವಾಗಿ ಬ್ರೌಸರ್ ನಡೆಸುವ ಎಐ ಏಜೆಂಟಿಗೆ, "ಮಿಣುಕೋದನ್ನೆಲ್ಲ ತೆಗೆದುಹಾಕಪ್ಪ" ಎಂದು ಬರೆದೆ. ಅದು ಪುಟದೊಳಗೆ ನಾಲ್ಕು ಸಾಲು ಜಾವಾಸ್ಕ್ರಿಪ್ಟ್ ಕೋಡ್ ಓಡಿಸಿತು. ಜಾಹೀರಾತು ಹೋಯಿತು. ಹಾಡುಗಳೂ ಹೋದವು!

ಹೊಸ ಸಾಮಾನಿಗೆಲ್ಲ ಕುಂಕುಮ ಇಡುವವನು ನಾನು. ಪ್ರತಿ ಹಾಡಿಗೂ ಮಿಣುಕುವ ಕೆಂಪು ಬೊಟ್ಟೊಂದನ್ನು ಇಟ್ಟಿದ್ದೆ. ಬೊಟ್ಟಿನ ಜೊತೆ ಹಾಡನ್ನೂ ಅದು ತೆಗೆದಿತ್ತು.

"ನಮ್ಮವ್ವನ ಹಾಡು ಕಳೆದ್ರಾ? ಸಿಗೋವರ್ಗೂ ಊಟ ಇಲ್ಲ ಕಣ್ರೀ," ಎಂದಳು ಶಾರದೆ. ಅವಳೇ ಮತ್ತೆ, "ಸುಮ್ನೆ ಕೂತ್ರೆ? ಅಳಿಸ್ದೋನ್ನೇ ಕೇಳ್ರೀ," ಎಂದಳು.

ಕೇಳಿದೆ. "ನಾನು ಬದಲಿಸಿದ್ದು ಈ ಬ್ರೌಸರಿನಲ್ಲಿ ಕಾಣುವುದನ್ನಷ್ಟೇ. ಮೂಲ ಪುಟ ಹಾಗೇ ಇದೆ, ರಿಫ್ರೆಶ್ ಮಾಡಿ," ಎಂದಿತು. ಮಾಡಿದೆ. ಹಾಡು, ಬೊಟ್ಟು, ಆ ಜಾಹೀರಾತು ಎಲ್ಲವೂ ಮರಳಿ ಬಂದು ಮಿಣುಕಿದವು. ಅಬ್ಬಾ! ಜಾಹೀರಾತಿನ ಮೇಲೂ ಪ್ರೀತಿ ಬಂತು ಕಣ್ರಪ್ಪ.

"ನಿಮ್ ಕಂಪ್ಯೂಟರ್ ನಾ ನಂಬಾಕಿಲ್ಲ. ಕುಣಿಗಲ್‌ನಲ್ಲೂ ಕೇಳಿಸ್ತದೆ ಅಂತ ಜಯಮ್ಮ ಹೇಳ್ಲಿ, ಆಮೇಲೆ ಅನ್ನ," ಎನ್ನುತ್ತಿದ್ದಾಳೆ ಶಾರದೆ. ಜಯಮ್ಮ, ಒಂದು ಹಾಡು ಕೇಳಿ ಬೇಗ ಬರೆಯಮ್ಮ. ಸಾರಿನ ಘಮ ಇಲ್ಲಿಯವರೆಗೂ ಬರುತ್ತಿದೆ.