ಒಂದೇ ನಂಬರಿನ ಹನ್ನೊಂದು ಸಂಸಾರ

ಶಿವದೇವಿ ಅಕ್ಕನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಅವರನ್ನು ಸುಳ್ಳಿ ಎಂದು ಕರೆದ ಕಾಗದ ಹುಟ್ಟಿದ್ದು ನನ್ನ ಕಂಪ್ಯೂಟರಿನಿಂದ. ಹತ್ತು ವರ್ಷ ಹೈದರಾಬಾದಿನ ಗಲ್ಲಿ ಗಲ್ಲಿ ತಿರುಗಿ, ಕಂಡವರ ಹೊಸ್ತಿಲಲ್ಲಿ ಕೂತು, ಜನ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡು ಬಂದ ಹೆಂಗಸು ಅವರು. ಶಿವದೇವಿ ತುಂಬಿದ ಫಾರಂ ಎಂದರೆ ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ. ಅವರ ಹತ್ತಿರ ಇದ್ದದ್ದು ಆ ಹೆಸರೊಂದೇ, ಅದಕ್ಕೆ ಮಸಿ ಬಳಿದವರಲ್ಲಿ ನಾನು ಮೊದಲಿಗ.

ಅಕ್ಕ ಸಿಂದಗಿ ಕಡೆಯವರು. ಗಂಡ ಮೌನಪ್ಪನವರಿಗೆ ಬಾಲಾನಗರದಲ್ಲಿ ಕೇಂದ್ರ ಸರಕಾರದ ಕಾರ್ಖಾನೆಯೊಂದರಲ್ಲಿ ಕೆಲಸ. ಮದುವೆಯಾಗಿ ಬಂದಾಗ ಅಕ್ಕನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ತೆಲುಗನ್ನು ನಲ್ಲಿಯ ಸಾಲಿನಲ್ಲಿ, ಉರ್ದುವನ್ನು ಪಕ್ಕದ ಮನೆಯ ಅಡುಗೆಮನೆಯಲ್ಲಿ ಕಲಿತರು. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಸರ್ವೆ ಕೆಲಸಕ್ಕೆ ಇಳಿದರು. ಪೋಲಿಯೊ ಲಸಿಕೆ, ಕುಡಿಯುವ ನೀರು, ಶಾಲೆ ಬಿಟ್ಟ ಮಕ್ಕಳು, ಯಾವ ಸರ್ವೆಯಾದರೂ ಸರಿ, ಪ್ರಶ್ನೆಗಳ ಕಟ್ಟು ಚೀಲಕ್ಕೆ ಹಾಕಿಕೊಂಡು ಹೊರಟುಬಿಡುತ್ತಿದ್ದರು.

ಅವರ ಕೆಲಸದ ರೀತಿಯೇ ಬೇರೆ. ಮನೆಯೊಳಗೆ ಹೋದೊಡನೆ ಫಾರಂ ತೆಗೆಯುತ್ತಿರಲಿಲ್ಲ. ಆ ಮನೆಯ ಹೆಂಗಸು ಸೊಪ್ಪು ಸೋಸುತ್ತಿದ್ದರೆ ತಾವೂ ಒಂದು ಹಿಡಿ ಸೊಪ್ಪು ಎಳೆದುಕೊಳ್ಳುತ್ತಿದ್ದರು. ಮಾತು ತಾನಾಗಿ ಬಂದ ಮೇಲೆ ಪೆನ್ನು ಹೊರಗೆ ಬರುತ್ತಿತ್ತು. 'ನೀವು ಹೇಳಿದ್ದು ನನ್ನ ಕೈಯಾಗ ಉಳಿಯಂಗಿಲ್ಲ, ಮುಟ್ಟೂ ಕಡೆ ಮುಟ್ಟತೈತಿ' ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದರು. ಎಲ್ಲ ಮುಗಿದ ಮೇಲೆ ಫಾರಮ್ಮಿನ ಬಲಗಡೆಯ ಖಾಲಿ ಅಂಚಿನಲ್ಲಿ ಕನ್ನಡದಲ್ಲಿ ಒಂದು ಸಾಲು: 'ಬಾವಿ ಕಡೆಯಿಂದ ಮೂರನೇ ಖೋಲಿ', 'ನೀಲಿ ಬಾಗಿಲು, ಆಡು ಕಟ್ಟಿದ್ದು'. ಮತ್ತೆ ಹೋಗಬೇಕಾದರೆ ಮನೆ ತಪ್ಪಬಾರದು ಎಂದು ಅವರೇ ಮಾಡಿಕೊಂಡ ವ್ಯವಸ್ಥೆ ಅದು.

ಇನ್ನು ನಾನು. ವಿಜಯಕುಮಾರ, ಚಿತ್ತಾಪುರದವನು. ಎರಡು ಸಾವಿರನೇ ಇಸವಿ. ಊರೆಲ್ಲ ಕಂಪ್ಯೂಟರ್ ಹುಚ್ಚು. ಅಮೀರ್‌ಪೇಟೆಯಲ್ಲಿ ಒಂದೊಂದು ಕಟ್ಟಡಕ್ಕೂ ಹತ್ತು ಬೋರ್ಡು, ಮೂರು ತಿಂಗಳು ಕಲಿತರೆ ಸಾಕು, ಅಮೆರಿಕವೇ ಎದ್ದು ಬಂದು ಕೈಹಿಡಿಯುತ್ತದೆ ಎಂಬಂತೆ. ನಾನೂ ಮೂರು ತಿಂಗಳು ಕಲಿತೆ. ಅಮೆರಿಕ ಬರಲಿಲ್ಲ. ನಾಂಪಲ್ಲಿಯಲ್ಲಿ ಬಾಡಿಗೆ ಮಹಡಿಯಲ್ಲಿದ್ದ ಒಂದು ಸಂಶೋಧನಾ ಸಂಸ್ಥೆ ಕೆಲಸ ಕೊಟ್ಟಿತು. ಅಲ್ಲಿ ಕಂಪ್ಯೂಟರ್ ಗೊತ್ತಿದ್ದವನು ನಾನೊಬ್ಬನೇ, ಹಾಗಾಗಿ ನನ್ನ ಕಾಲು ನೆಲದ ಮೇಲಿರಲಿಲ್ಲ.

ಬಾಲಾನಗರದ ಸಣ್ಣ ವರ್ಕ್‌ಶಾಪುಗಳಿಂದ ಎರಕದ ಬಿಡಿಭಾಗಗಳು ಗೋಣಿಚೀಲದಲ್ಲಿ ಸುತ್ತಲಿನ ಮನೆಗಳಿಗೆ ಬರುತ್ತವೆ. ಹೆಂಗಸರು ಅವುಗಳ ಚೂಪು ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿ ವಾಪಸು ಕಳಿಸುತ್ತಾರೆ. ಇಂಥ ಕೆಲಸ ಎಷ್ಟು ಹೆಂಗಸರು, ದಿನಕ್ಕೆ ಎಷ್ಟು ಹೊತ್ತು ಮಾಡುತ್ತಾರೆ, ಕೈಗೆ, ಕಣ್ಣಿಗೆ ಏನಾಗುತ್ತದೆ, ಇದು ಸಂಸ್ಥೆಯ ಸಂಶೋಧನೆ. ಒಟ್ಟು ಐವತ್ತೆರಡು ಪ್ರಶ್ನೆ. ಬಂದ ಉತ್ತರಗಳನ್ನೆಲ್ಲ ಇಡಲು ಡೇಟಾಬೇಸ್ ಮಾಡುವುದು ನನ್ನ ಪಾಲಿಗೆ ಬಂತು.

ಪ್ರತಿ ಫಾರಮ್ಮಿಗೂ ಬೇರೆ ಯಾವುದಕ್ಕೂ ಇಲ್ಲದ ಒಂದು ಗುರುತು ಇರಬೇಕು, ಆಗ ಮಾತ್ರ ಕಂಪ್ಯೂಟರ್ ಒಂದನ್ನು ಇನ್ನೊಂದರಿಂದ ಬೇರೆ ಮಾಡುತ್ತದೆ. ಒಂದು, ಎರಡು, ಮೂರು ಎಂದು ನಂಬರ್ ಹಾಕಿದ್ದರೆ ಮುಗಿಯುತ್ತಿತ್ತು. ಅಂಗನವಾಡಿ ಮಗುವಿಗೆ ಬರುವಷ್ಟು ಲೆಕ್ಕ ಅದು. ನಾನು ಜಾಣತನ ಮಾಡಲು ಹೋದೆ, ಮನೆ ನಂಬರನ್ನೇ ಗುರುತು ಮಾಡಿದೆ. ಅದನ್ನು ಪರದೆಯ ಮೇಲೆ ತೋರಿಸಿದ ದಿನ ಸರ್ವೆಯವರೆಲ್ಲ ಸುತ್ತ ಕೂತಿದ್ದರು. ಬಾಯಿ ಬಿಟ್ಟವರು ಅಕ್ಕ ಒಬ್ಬರೇ.

"ತಮ್ಮಾ, ಮನಿ ನಂಬರ್ ನೆಚ್ಚಬ್ಯಾಡ. ಒಂದ ನಂಬರಿನ್ಯಾಗ ಎಂಟ್ ಹತ್ತ ಸಂಸಾರ ಇರ್ತಾವ."

"ಅಕ್ಕಾರ, ಮುನ್ಸಿಪಾಲ್ಟಿಯವ್ರು ಒಂದ ಮನಿಗೆ ಒಂದ ನಂಬರ್ ಕೊಡ್ತಾರ್ರಿ" ಎಂದೆ ನಾನು, ನಗುತ್ತ.

"ಮನಿಗೆ ಕೊಡ್ತಾರಪ್ಪ. ಸಂಸಾರಕ್ಕ ಕೊಡಂಗಿಲ್ಲ."

ಎಲ್ಲರೂ ನಕ್ಕರು. ನಾನು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಆಗ ನಾನಿದ್ದದ್ದು ಮಿಯಾಪುರದಲ್ಲಿ, ಒಬ್ಬರ ಮನೆಯ ಮಾಳಿಗೆಯ ಕೋಣೆಯಲ್ಲಿ. ಕೆಳಗೆ ಮಾಲೀಕರು, ಹಿಂದುಗಡೆ ಇನ್ನೂ ಎರಡು ಸಂಸಾರ. ನನಗೆ ಊರಿಂದ ಬರುವ ಕಾಗದವೂ ಮಾಲೀಕರ ನಂಬರಿಗೇ ಬರುತ್ತಿತ್ತು. ದಿನಾ ಅದೇ ಮೆಟ್ಟಿಲು ಹತ್ತಿ ಇಳಿಯುವವನಿಗೆ ಇಷ್ಟು ಹೊಳೆಯಲಿಲ್ಲ ಎಂದರೆ ನನ್ನ ತಲೆಯಲ್ಲಿ ಏನಿತ್ತೋ ನಾನೇ ಕಾಣೆ.

ಫಾರಂಗಳು ಬರತೊಡಗಿದವು. ಅವನ್ನು ಕಂಪ್ಯೂಟರಿಗೆ ಹಾಕುತ್ತಿದ್ದ ಹುಡುಗಿಯರು, ಒಂದೇ ನಂಬರ್ ಎರಡನೇ ಸಲ ಬಂದರೆ ಯಂತ್ರ ತಕರಾರು ಮಾಡುತ್ತದೆ, ಕೆಲಸ ನಿಲ್ಲುತ್ತದೆ ಎಂದು ದೂರಿದರು. ತಕರಾರು ಯಾಕೆ ಎಂದು ನೋಡಬೇಕಿತ್ತು. ನೋಡಲಿಲ್ಲ. ಅದೇ ನಂಬರ್ ಮತ್ತೆ ಬಂದರೆ ಹಳೆಯದನ್ನು ಅಳಿಸಿ ಹೊಸದನ್ನು ಇಟ್ಟುಕೊಳ್ಳುವಂತೆ, ಎಷ್ಟು ಸಲ ಬಂತು ಎಂಬ ಎಣಿಕೆ ಮಾತ್ರ ಉಳಿಯುವಂತೆ ಮಾಡಿಬಿಟ್ಟೆ, ತಕರಾರು ನಿಂತಿತು. ಅಂಚಿನಲ್ಲಿ ಬರೆದ ಕನ್ನಡದ ಸಾಲನ್ನು ಎಲ್ಲಿ ಹಾಕುವುದು ಎಂದು ಅವರಲ್ಲೊಬ್ಬಳು ಕೇಳಿದಳು. 'ಅದಕ್ಕೆ ಜಾಗ ಇಲ್ಲ, ಬಿಡು' ಎಂದೆ. ಎಲ್ಲ ಮುಗಿದ ಮೇಲೆ, ಕೋಣೆ ಕಾಗದದಿಂದ ತುಂಬಿಹೋಗಿದೆ ಎಂದು ಸಂಸ್ಥೆಯವರು ಫಾರಂಗಳನ್ನೆಲ್ಲ ರದ್ದಿಗೆ ಹಾಕಿಸಿದರು. ಹಾಕುವ ಮೊದಲು ನನ್ನನ್ನು ಕೇಳಿದ್ದರು. 'ಎಲ್ಲಾ ಕಂಪ್ಯೂಟರ್‌ನಾಗ ಭದ್ರ ಐತ್ರಿ' ಎಂದು ಹೇಳಿದ್ದು ಇದೇ ಬಾಯಿ.

ಅಕ್ಟೋಬರಿನಲ್ಲಿ ಲೆಕ್ಕ ನೋಡಿದರು. ಅಕ್ಕ ಕೊಟ್ಟದ್ದು ಆರುನೂರ ನಲವತ್ತು ಫಾರಂ. ಕಂಪ್ಯೂಟರಿನಲ್ಲಿದ್ದದ್ದು ಇನ್ನೂರ ಹನ್ನೊಂದು. ಬೇರೆ ಸರ್ವೆಯವರ ಪಾಲಿಗೆ ಬಿಡಿ ಮನೆಗಳ ಬೀದಿಗಳು ಬಂದಿದ್ದರಿಂದ ಅವರ ಲೆಕ್ಕ ಅಷ್ಟು ತಪ್ಪಿರಲಿಲ್ಲ. ಸಂಸ್ಥೆಯ ಮುಖ್ಯಸ್ಥರು ಶ್ರೀನಿವಾಸ ಸರ್, ಮೈಸೂರು ಕಡೆಯವರು, ಇಸ್ತ್ರಿ ಅಂಗಿಯ ಮೆದು ಮಾತಿನ ಮನುಷ್ಯ. ಅಕ್ಕ ಮನೆಯಲ್ಲಿ ಕೂತು ಒಂದೇ ಮನೆಯ ಫಾರಮ್ಮನ್ನು ಹತ್ತು ಸಲ ಬರೆದು ಲೆಕ್ಕ ತುಂಬಿಸಿದ್ದಾರೆ ಎಂದು ತೀರ್ಮಾನಿಸಿ ಕಾಗದ ಬರೆಸಿದರು. ಒಂದು ಅಕ್ಕನಿಗೆ. ಅದರ ನಕಲು ಊರಿನಲ್ಲಿ ಸರ್ವೆ ಮಾಡಿಸುವ ಬೇರೆ ನಾಲ್ಕು ಸಂಸ್ಥೆಗಳಿಗೆ, ಅವರೂ ಹುಷಾರಾಗಿರಲಿ ಎಂದು. ಹೆಂಗಸನ್ನು ಕರೆದು ಒಂದು ಮಾತು ಕೇಳುವಷ್ಟು ಪುರುಸೊತ್ತು ಇರಲಿಲ್ಲ ಇವರಿಗೆ, ನಾಲ್ಕು ಕಡೆ ಡಂಗುರ ಹೊಡೆಯಲು ಇತ್ತು.

ಮರುದಿನವೇ ಅಕ್ಕ ಆ ಕಾಗದ ಹಿಡಿದು ಬಂದರು. ಸರ್ ಮುಂದೆ ನಿಂತೇ ಮಾತಾಡಿದರು.

"ಸರ, ನಾ ಎಲ್ಲಿ ಕುಂತು ಸುಳ್ಳ ಬರದೀನಿ, ತೋರಸ್ರಿ."

"ನೋಡಿ ಶಿವದೇವಮ್ಮ, ನಾನಲ್ಲ ಹೇಳ್ತಿರೋದು, ಕಂಪ್ಯೂಟರ್ ಹೇಳ್ತಿದೆ. ಒಂದೇ ಮನೆಗೆ ಹನ್ನೊಂದು ಫಾರಂ ಕೊಟ್ಟಿದ್ದೀರಿ."

"ಕಂಪ್ಯೂಟರ್ ಬಾಲಾನಗರಕ್ಕ ಬಂದಿತ್ತೇನ್ರಿ? ನಾ ಹೋಗಿದ್ದೆ. ನನ್ನ ಫಾರಂ ತರಸ್ರಿ. ಯಾರ ಖೋಲಿ ಎಲ್ಲೈತಿ ಅಂತ ಬಾಜೂಕ ಬರದೀನಿ."

ಫಾರಂ ರದ್ದಿಗೆ ಹೋಗಿವೆ ಎಂದು ಸರ್ ಹೇಳಿದಾಗ ಅಕ್ಕನ ಮುಖ ನೋಡಬೇಕಿತ್ತು. ಕಾಗದ ಓದಿದಾಗಲೂ ಅವರಿಗೆ ಅಷ್ಟು ಸಿಟ್ಟು ಬಂದಿರಲಿಕ್ಕಿಲ್ಲ. "ಹಂಗಾದ್ರ ನಡ್ರಿ, ಆ ಮನಿಗೇ ಹೋಗೂಣು" ಎಂದರು. ಸರ್‌ಗೆ ಮೀಟಿಂಗ್ ಇತ್ತು. ನನ್ನನ್ನು ಕಳಿಸಿದರು.

ಬಾಲಾನಗರದ ಆ ಮನೆಯ ಗೇಟಿನ ಮೇಲೆ ಒಂದೇ ನಂಬರ್. ಒಳಗೆ ಉದ್ದನೆಯ ಅಂಗಳ, ಎರಡೂ ಕಡೆ ಐದೈದು ಖೋಲಿ, ಒಂದೊಂದು ಕೋಣೆಗೆ ಒಂದೊಂದು ಸಂಸಾರ, ಕೊನೆಯಲ್ಲಿ ಮಾಲೀಕರ ಮಾಳಿಗೆ ಮನೆ. ಹತ್ತೂ ಖೋಲಿಗಳ ಮುಂದೆ ಹೆಂಗಸರು ಅರ ಹಿಡಿದು ಕೂತಿದ್ದರು. ಅಂಗಳದ ತುಂಬ ಕಬ್ಬಿಣ ಉಜ್ಜುವ ಸದ್ದು. ಅಕ್ಕ ನನ್ನನ್ನು ಒಬ್ಬೊಬ್ಬರ ಮುಂದೆಯೂ ನಿಲ್ಲಿಸಿದರು. ಮೂರನೇ ಖೋಲಿಯ ಉಮಾಬಾಯಿ ಬೀದರ್ ಕಡೆಯವಳು. ಎಡಗೈಯ ತೋರುಬೆರಳು ಅರ್ಧಕ್ಕೆ ಸೊಟ್ಟಗಾಗಿತ್ತು.

"ಬೆಳ್ಳ ಹೆಂಗಾತು, ಎಷ್ಟು ದಿನ ಕೆಲಸ ಬಿಟ್ಟಿದ್ದೆ, ಎಲ್ಲಾ ಅಕ್ಕಗ ಹೇಳೀನಿ" ಎಂದಳು. "ಬರಕೊಂಡಾಳ. ಮತ್ಯಾಕ ಕೇಳಾಕತ್ತೀರಿ?"

ನನ್ನ ಚೀಲದಲ್ಲಿ ಆ ಮನೆ ನಂಬರಿನ ಪ್ರಿಂಟ್ ಇತ್ತು. ಹನ್ನೊಂದು ಫಾರಂಗಳಲ್ಲಿ ಉಳಿದದ್ದು ಎಲ್ಲಕ್ಕಿಂತ ಕೊನೆಗೆ ಹಾಕಿದ್ದು, ಮಾಲೀಕರ ಸೊಸೆಯದು. ಆಕೆ ಅರ ಮುಟ್ಟುವವಳಲ್ಲ. ಪ್ರಿಂಟಿನಲ್ಲಿ ಬರೆದಿತ್ತು: 'ಕೆಲಸ: ಇಲ್ಲ'. ಹತ್ತು ಹೆಂಗಸರ ಉತ್ತರವನ್ನು ಒಬ್ಬಳ 'ಇಲ್ಲ' ನುಂಗಿ ಕೂತಿತ್ತು. ಇಂಥ ಅಂಗಳಗಳಲ್ಲೆಲ್ಲ ಅಕ್ಕ ಮಾಲೀಕರ ಮನೆಗೆ ಹೋಗುತ್ತಿದ್ದದ್ದು ಕೊನೆಗೇ, ಹಾಗಾಗಿ ಎಲ್ಲ ಕಡೆಯೂ ಇದೇ ಆಗಿತ್ತು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಗಲ್ಲಿಯ ತಿರುವಿನಲ್ಲಿ ಅಕ್ಕ "ನೋಡಿದೆಲ್ಲ, ಹೋಗಿ ಹೇಳು" ಎಂದು ಬಸ್ಸು ಹತ್ತಿಸಿದರು.

ಹೇಳಿದೆ. ಬಾಗಿಲು ಮುಚ್ಚಿಕೊಂಡು, ಸರ್ ಒಬ್ಬರಿಗೇ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ವರದಿ ಶುಕ್ರವಾರ ಹೋಗಬೇಕು. ಈಗ ಇದನ್ನೆಲ್ಲ ಕೆದಕಿದರೆ ನಿನ್ನ ಕೆಲಸವೂ ಹೋಗುತ್ತೆ, ಸಂಸ್ಥೆ ಮಾನವೂ ಹೋಗುತ್ತೆ. ಆಕೆಗೆ ಮುಂದಿನ ಪ್ರಾಜೆಕ್ಟಲ್ಲಿ ಏನಾದರೂ ಮಾಡೋಣ."

ನನ್ನ ಕೆಲಸ ಎಂದ ಕೂಡಲೇ ನಾನು ಆ ಪ್ರಿಂಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ವರದಿ ಹೋಯಿತು, ಅಚ್ಚೂ ಆಯಿತು. ತಪ್ಪು ನನ್ನದು, ಮುಚ್ಚಿಟ್ಟವರು ಅವರು, ಗೂಬೆ ಕೂತದ್ದು ಮಾತ್ರ ಅಕ್ಕನ ತಲೆಯ ಮೇಲೆ. ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ. ಆ ಸಿಟ್ಟಿನಲ್ಲಿ ಸರ್‌ಗೆ ಅರ್ಧ, ನನಗೆ ಅರ್ಧ.

ಜನವರಿಯಲ್ಲಿ ಒಂದು ಭಾನುವಾರ, ಇನ್ನು ತಡೆಯಲಾರದೆ ಅಕ್ಕನ ಮನೆಗೆ ಹೋದೆ. ಬಾಗಿಲಲ್ಲಿ ಮೌನಪ್ಪನವರು ಸಿಕ್ಕರು. "ನಾಕೂ ಕಡೆ ಹೋಗಿ ಬಂದ್ಲು. ನಾಕೂ ಕಡೆ ಒಲ್ಲೆ ಅಂದ್ರು" ಎಂದಷ್ಟೇ ಹೇಳಿ ಹೊರಟುಹೋದರು. ಅಕ್ಕ ಜೋಳ ಹಸನು ಮಾಡುತ್ತ ಕೂತಿದ್ದರು. ಕೂಡ್ರು ಎನ್ನಲಿಲ್ಲ, ಚಹಾ ಕೇಳಲಿಲ್ಲ. ನಮ್ಮ ಕಡೆಯ ಮನೆಯಲ್ಲಿ ಬಂದವರಿಗೆ ಚಹಾ ಕೇಳದೇ ಇರುವುದು ಎಂದರೆ ಏನೆಂದು ನಮಗೇ ಗೊತ್ತು. ನಾನು ನಿಂತೇ ಎಲ್ಲ ಒಪ್ಪಿಕೊಂಡೆ. ಡೇಟಾಬೇಸ್, ಮನೆ ನಂಬರ್, ಅಳಿಸಿದ್ದು, ರದ್ದಿ, ಎಲ್ಲ. ಕಣ್ಣೀರೂ ಬಂತು.

ಅಕ್ಕ ಮೊರ ಕೆಳಗಿಟ್ಟರು. "ನನಗ್ಯಾಕ ಹೇಳಾಕತ್ತಿ? ನಾ ಸುಳ್ಳ ಬರದಿಲ್ಲ ಅಂತ ನನಗ ಗೊತ್ತೈತಿ. ಗೊತ್ತಿಲ್ಲದವ್ರು ನಾಕ ಮಂದಿ ಅದಾರ. ಅವರ ಮುಂದ ಅಳು, ಹೋಗು."

ಹೋದೆ. ನಡೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಕೆಳಗೆ ನನ್ನ ಹೆಸರು ಹಾಕಿ, ನಾಲ್ಕು ಸಂಸ್ಥೆಗಳಿಗೂ ನಾನೇ ಕೊಂಡುಹೋಗಿ ಕೊಟ್ಟೆ, ನಕಲಿನ ಮೇಲೆ ಮೊಹರು ಹಾಕಿಸಿಕೊಂಡೆ. ಒಂದು ಕಡೆ ನಕ್ಕರು. ಒಂದು ಕಡೆ ಅರ್ಧ ಗಂಟೆ ನಿಲ್ಲಿಸಿಕೊಂಡು ಬೈದರು. ಮೂರನೆಯ ದಿನಕ್ಕೆ ವಿಷಯ ಶ್ರೀನಿವಾಸ ಸರ್ ಕಿವಿಗೆ ಬಿತ್ತು, ಸಂಜೆಯೊಳಗೆ ನನ್ನ ಕೆಲಸ ಹೋಯಿತು. ಮೊಹರು ಬಿದ್ದ ನಾಲ್ಕೂ ಹಾಳೆಗಳನ್ನು ಅಕ್ಕನ ಮುಂದೆ ಇಟ್ಟಾಗ ಹೊಗಳಿಕೆಯ ಒಂದು ಮಾತು ಸಿಗಬಹುದು ಎಂಬ ಆಸೆ ನನಗಿತ್ತು. ಸುಳ್ಳು ಯಾಕೆ ಹೇಳಲಿ.

ನಾಲ್ಕನ್ನೂ ಓದಿದರು. ತಾರೀಖು ನೋಡಿದರು. "ಮೂರ ತಿಂಗಳಾತು" ಎಂದರು. ಆಮೇಲೆ, "ವರದಿಯೊಳಗ ಆ ಹೆಣ್ಮಕ್ಕಳ ಬಗ್ಗೆ ಏನ್ ಬರದಾರ?" ಎಂದು ಕೇಳಿದರು.

ವರದಿಯ ಪ್ರತಿ ಚೀಲದಲ್ಲೇ ಇತ್ತು. ಇಂಗ್ಲಿಷಿನ ಸಾಲನ್ನು ಕನ್ನಡ ಮಾಡಿ ಹೇಳಿದೆ: ಈ ಭಾಗದ ಬಹುಪಾಲು ಹೆಂಗಸರು ಯಾವ ಕೆಲಸದಲ್ಲೂ ತೊಡಗಿಲ್ಲ.

ಅಕ್ಕ ನಾಲ್ಕೂ ಹಾಳೆಗಳನ್ನು ನನ್ನ ಕಡೆಗೆ ಸರಿಸಿದರು. "ನೀವು ಹೇಳಿದ್ದು ಮುಟ್ಟತೈತಿ ಅಂತ ಅವ್ರಿಗೆ ಮಾತು ಕೊಟ್ಟಾಕಿ ನಾನು. ನನ್ನ ಹೆಸರು ಈ ನಾಕ ಆಫೀಸಿನ್ಯಾಗ ಅಷ್ಟ ಇಲ್ಲೋ, ಆ ಅಂಗಳದಾಗೂ ಐತಿ. ನಡಿ, ಅವರ ಮುಂದ ಇದನ್ನ ಓದು. ನಾ ಓದಂಗಿಲ್ಲ."

ಆ ಅಂಗಳಕ್ಕೆ ಹೋದೆವು. ಹತ್ತೂ ಜನ ಕೂತಿದ್ದರು. ನಾನು ಆ ಒಂದು ಸಾಲನ್ನು ಕನ್ನಡದಲ್ಲಿ ಓದಿದೆ, ತೆಲುಗಿನಲ್ಲಿ ಓದಿದೆ, ಬಂದಷ್ಟು ಉರ್ದುವಿನಲ್ಲಿ ಹೇಳಿದೆ. ತಪ್ಪು ಅಕ್ಕನದಲ್ಲ, ನನ್ನದು ಎಂದೂ ಹೇಳಿದೆ. ಕೆಲವರ ಅರ ನಿಂತಿತು. ಉಮಾಬಾಯಿಯದು ನಿಲ್ಲಲಿಲ್ಲ. ಸೊಟ್ಟ ಬೆರಳಿನಿಂದ ಬಿಡಿಭಾಗವನ್ನು ಒತ್ತಿಹಿಡಿದು ಉಜ್ಜುತ್ತಲೇ ಕೇಳಿದಳು:

"ಹಂಗಾದ್ರ ನಾ ಈಗ ಏನ್ ಮಾಡಾಕತ್ತೀನ್ರಿ?"

ನಾನು ಅಕ್ಕನ ಮುಖ ನೋಡಿದೆ. ಅವರು ಉಮಾಬಾಯಿಯ ಪಕ್ಕ ಕೂತು, ತಾವೂ ಒಂದು ಅರ ಎಳೆದುಕೊಂಡರು.